ಮಗುಚುವ ಪರದೆಯ ಪರೀಕ್ಷೆ

ಸಯನ್ ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ, ಕನ್ನಡಿಗರ ಸಂಘವಾದ ಭೀಮಾತೀರ ಬಳಗದ ವಧು-ವರ ಮಾಹಿತಿ ಕೇಂದ್ರವಿದೆ. ಒಂದು ಕೋಣೆ, ಎರಡು ಮೇಜು, ಆರು ಕುರ್ಚಿ, ಕಾರ್ಡುಗಳ ನಾಲ್ಕು ಉದ್ದನೆಯ ಪೆಟ್ಟಿಗೆ. ಜೂನ್ ಎರಡರ ಸೋಮವಾರ ಆ ಕೋಣೆಗೆ ಹದಿನಾರು ಇಂಚು ಪರದೆಯ ಒಂದು ಲ್ಯಾಪ್‌ಟಾಪ್ ಬಂತು. ಕೊಂಡದ್ದಲ್ಲ. ಕುರ್ಲಾದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಬಳಗದ ಸದಸ್ಯರೊಬ್ಬರು, ಹದಿನೈದು ದಿನ ಬಳಸಿ ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಎಂದು ಕಳಿಸಿದ್ದು. ಅದರ ಪರದೆ ಪುಸ್ತಕದ ರಟ್ಟಿನಂತೆ ಪೂರ್ತಿ ಹಿಂದಕ್ಕೆ ಮಗುಚುತ್ತಿತ್ತು. ಅರ್ಧ ಮಗುಚಿದರೆ ಮೇಜಿನ ಮೇಲೆ ಡೇರೆಯಂತೆ ನಿಲ್ಲುತ್ತಿತ್ತು. ಪೂರ್ತಿ ಮಗುಚಿದರೆ ಶಾಲೆಯ ಪಾಟಿಯಂತೆ ಕೈಯಲ್ಲಿ ಹಿಡಿದು, ಗಾಜನ್ನು ಬೆರಳಿನಿಂದ ಮುಟ್ಟಿ ನಡೆಸಬಹುದಿತ್ತು.

ಬಳಗದ ಜಂಟಿ ಕಾರ್ಯದರ್ಶಿ ಶಿವಪುತ್ರ ಅವರು ರೈಲ್ವೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಪರೀಕ್ಷಾ ವರದಿ ಇಲ್ಲದೆ ಒಂದು ಮೊಳೆಯೂ ಒಳಗೆ ಬರಬಾರದು ಎಂಬುದು ಅವರ ನಂಬಿಕೆ. ಕೇಂದ್ರದ ನೀರಿನ ಫಿಲ್ಟರಿಗೂ ಗೋಡೆ ಗಡಿಯಾರಕ್ಕೂ ವರದಿ ಬರೆಸಿದ್ದರು. ಗಡಿಯಾರದ ವರದಿ ಮೂರು ಪುಟವಿತ್ತು. ಗಡಿಯಾರ ನಿಂತು ಎರಡು ವರ್ಷವಾಗಿದೆ. ವರದಿ ಫೈಲಿನಲ್ಲಿ ಚೆನ್ನಾಗಿದೆ. ಲ್ಯಾಪ್‌ಟಾಪಿಗೂ ಅವರು ಹನ್ನೆರಡು ಅಂಶಗಳ ನಮೂನೆ ತಯಾರಿಸಿ ಕೇಂದ್ರದ ಸಹಾಯಕಿ ಶೈಲಾಳಿಗೆ ಕೊಟ್ಟರು. ಹನ್ನೆರಡನೆಯ ಅಂಶ ಹೀಗಿತ್ತು: ‘ಈ ಯಂತ್ರ ಬಂದ ಮೇಲೆ ಕೇಂದ್ರಕ್ಕೆ ಎಷ್ಟು ಜನ ಬೇಕು?’

ಪ್ರಶ್ನೆಯ ಅರ್ಥ ಕೇಂದ್ರದ ಇಬ್ಬರಿಗೂ ಗೊತ್ತಿತ್ತು. ಒಬ್ಬರು ಸಾಕು ಎಂದು ಬರೆದರೆ ಮನೆಗೆ ಹೋಗಬೇಕಾದವರು ರುಕ್ಮಿಣಿಬಾಯಿ. ಅವರಿಗೆ ಅರವತ್ತಾರು ವರ್ಷ. 1991ರಲ್ಲಿ ಕೇಂದ್ರ ತೆರೆದಂದಿನಿಂದ ನಡೆಸಿಕೊಂಡು ಬಂದವರು ಅವರೇ. ಗಂಡ ತೀರಿಕೊಂಡ ಮೇಲೆ ಅವರಿಗೆ ಇದ್ದ ಸಂಸಾರವೆಂದರೆ ಆ ನಾಲ್ಕು ಪೆಟ್ಟಿಗೆಗಳು.

ಶೈಲಾಳಿಗೆ ಮೂವತ್ನಾಲ್ಕು. ರುಕ್ಮಿಣಿಬಾಯಿಯನ್ನು ಅವಳು ಕರೆಯುವುದು ಮೌಶಿ, ಚಿಕ್ಕಮ್ಮ, ಎಂದು. ಎಂಟು ವರ್ಷದ ಹಿಂದೆ ಬಿ.ಕಾಂ. ಮುಗಿಸಿ ಎರಡು ಕಡೆ ಕೆಲಸ ಮಾಡಿ ಬಿಟ್ಟು ಇಲ್ಲಿಗೆ ಬಂದಾಗ, ಮೊದಲ ವಾರವೇ ರುಕ್ಮಿಣಿಬಾಯಿ ಅವಳ ಹೆಸರಿನಲ್ಲಿ ಒಂದು ಕಾರ್ಡು ತುಂಬಿದ್ದರು. ನಂಬರ್ 2716. ನನ್ನ ಹುಡುಗಿಗೆ ನಾನೇ ನೋಡುತ್ತೇನೆ, ನಿಮ್ಮ ಅಣ್ಣ ತಿರುಗಾಡುವ ಕಾರಣವಿಲ್ಲ ಎಂದಿದ್ದರು. ಅಣ್ಣ ತಿರುಗಾಡಲಿಲ್ಲ. ಎಂಟು ವರ್ಷದಲ್ಲಿ ಶೈಲಾ ನೂರಾ ತೊಂಬತ್ತು ಮದುವೆಗಳ ಕಾಗದಪತ್ರ ಸಿದ್ಧ ಮಾಡಿದಳು. ಅವಳನ್ನು ಯಾರೂ ಕೇಳಲಿಲ್ಲ. ಮೊದಲೆರಡು ವರ್ಷ ಅವಳೇ ವಿಚಾರಿಸುತ್ತಿದ್ದಳು; ಯಾರೂ ಬಂದಿಲ್ಲ ಎಂದು ರುಕ್ಮಿಣಿಬಾಯಿ ಹೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟಳು. ಕುರ್ಲಾದ ನೆಹರೂ ನಗರದ ಮನೆಯಲ್ಲಿ ವೈನಿ, ಅಣ್ಣನ ಹೆಂಡತಿ, ಮಾತ್ರ ಆಗಾಗ, ಮಿಠಾಯಿ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಮಿಠಾಯಿ ಬೇಡವಾಗುತ್ತದಂತೆ ಎಂದು ನಗುತ್ತಿದ್ದಳು. ತನ್ನಲ್ಲೇ ಏನೋ ಕೊರತೆ ಇರಬೇಕೆಂದು ಶೈಲಾ ತೀರ್ಮಾನಿಸಿದ್ದಳು. ಯಾವ ಕೊರತೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಕೇಂದ್ರದ ಕಾರ್ಡಿಗೆ ಎರಡು ಬದಿ. ಮುಂಬದಿಯಲ್ಲಿ ಮನೆಯವರು ತಾವೇ ಶಾಯಿಯಲ್ಲಿ ತುಂಬುವ ವಿವರ: ಹೆಸರು, ವಯಸ್ಸು, ಓದು, ನೌಕರಿ, ಮೂಲ ಊರು. ಹಿಂಬದಿಯಲ್ಲಿ ರುಕ್ಮಿಣಿಬಾಯಿ ಪೆನ್ಸಿಲಿನಿಂದ ಬರೆದ ವಿಚಾರಣೆ. ಹೊಸ ಕಾರ್ಡು ಬಂದಾಗ ಅವರು ಒಂದು ದಿನ ಬಿಡುವು ಮಾಡಿಕೊಂಡು ಆ ಮನೆಯ ಓಣಿಗೇ ಹೋಗುತ್ತಿದ್ದರು. ವಾಚ್‌ಮನ್, ಇಸ್ತ್ರಿಯವನು, ಎದುರಿನ ಕಿರಾಣಿ ಅಂಗಡಿ. ಇಬ್ಬರ ಬಾಯಲ್ಲಿ ಒಂದೇ ಮಾತು ಬಂದರೆ ಬರೆಯುವುದು, ಒಬ್ಬರೇ ಹೇಳಿದರೆ ಬಿಡುವುದು. ಹುಡುಗ ಮ್ಯಾನೇಜರ್ ಎಂದು ಮುಂದೆ ಇದ್ದರೆ, ‘ಮ್ಯಾನೇಜರನ ಕೈಕೆಳಗೆ’ ಎಂದು ಹಿಂದೆ ಇರುತ್ತಿತ್ತು. ಯಾರ ಕಾರ್ಡನ್ನು ಯಾರಿಗೆ ತೋರಿಸಬೇಕೆಂದು ಅವರು ನಿರ್ಧರಿಸುತ್ತಿದ್ದುದು ಹಿಂಬದಿಯನ್ನು ಓದಿ; ಬಂದವರಿಗೆ ತೋರಿಸುತ್ತಿದ್ದುದು ಮುಂಬದಿಯನ್ನು. ಕಾರ್ಡನ್ನು ತಾವೇ ಹಿಡಿದು ತೋರಿಸುತ್ತಿದ್ದರು, ಯಾರ ಕೈಗೂ ಕೊಡುತ್ತಿರಲಿಲ್ಲ. ಪೆಟ್ಟಿಗೆಯ ಕೀಲಿ ಸೊಂಟದಲ್ಲಿರುತ್ತಿತ್ತು. ಶೈಲಾ ಕೂಡ ಯಾವ ಕಾರ್ಡಿನ ಹಿಂಬದಿಯನ್ನೂ ಓದಿರಲಿಲ್ಲ.

ಲ್ಯಾಪ್‌ಟಾಪಿಗೆ ತುಂಬಲು ಕಾರ್ಡುಗಳನ್ನು ಸ್ಕ್ಯಾನ್ ಮಾಡಿಸಬೇಕು ಎಂದಾಗ ರುಕ್ಮಿಣಿಬಾಯಿ ತಾವೂ ಜೆರಾಕ್ಸ್ ಅಂಗಡಿಗೆ ಹೋದರು. ಮದುವೆಯಾಗದೆ ಉಳಿದವರ ಕಾರ್ಡು ಒಟ್ಟು 843. ಶಿವಪುತ್ರ ಅವರು ತಮ್ಮ ಇಲಾಖೆಯ ರೂಢಿಯಂತೆ, ಏನೊಂದೂ ಬಿಟ್ಟುಹೋಗಬಾರದು ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ಎರಡು ಸಲ ಹೇಳಿ ಹೊರಟುಹೋದರು. ರುಕ್ಮಿಣಿಬಾಯಿ ನಾಲ್ಕು ಗಂಟೆ ಸ್ಟೂಲಿನ ಮೇಲೆ ಕುಳಿತು ಕಾವಲು ಕಾದರು. 843 ಕಾರ್ಡು ಎಣಿಸಿ ಕೊಟ್ಟರು, 843 ಎಣಿಸಿ ತೆಗೆದುಕೊಂಡರು. ಪ್ರತಿ ಕಾರ್ಡೂ ಒಂದೇ ಸಲ ಯಂತ್ರದೊಳಗೆ ಹೋಗಿದ್ದನ್ನು ಕಣ್ಣಾರೆ ನೋಡಿದರು. ಒಂದೇ ಸಲಕ್ಕೆ ಎರಡೂ ಬದಿ ಓದುವ ಯಂತ್ರ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ಪೆನ್ಸಿಲ್ ಬರಹ ಜೆರಾಕ್ಸಿನಲ್ಲಿ ಮೂಡುವುದಿಲ್ಲ ಎಂಬುದು ಕೇಂದ್ರ ತೆರೆದ ವರ್ಷದ ಅವರ ಅನುಭವ.

ಶೈಲಾ ಪರೀಕ್ಷೆ ಆರಂಭಿಸಿದ್ದು ಲ್ಯಾಪ್‌ಟಾಪನ್ನು ಸೋಲಿಸುವ ಉದ್ದೇಶದಿಂದ. ಹನ್ನೆರಡನೆಯ ಅಂಶಕ್ಕೆ ‘ಇಬ್ಬರು’ ಎಂದೇ ಬರೆಯಬೇಕು, ಉಳಿದ ಹನ್ನೊಂದು ಅಂಶಗಳು ಅದಕ್ಕೆ ಆಧಾರವಾಗಬೇಕು. ಅವಳ ತೊಂದರೆಯೆಂದರೆ, ಇಲ್ಲದ ದೋಷವನ್ನು ಬರೆಯಲು ಅವಳ ಕೈ ಓಡುತ್ತಿರಲಿಲ್ಲ.

ಡಬ್ಬಿಯ ಮೇಲೆ ತೂಕ 1.9 ಕಿಲೋ ಎಂದಿತ್ತು. ನೆಹರೂ ನಗರದ ರದ್ದಿ ಅಂಗಡಿಯ ತಕ್ಕಡಿಯಲ್ಲಿ, ಚಾರ್ಜರ್ ಬಿಟ್ಟು, 2 ಕಿಲೋ 140 ಗ್ರಾಂ ಬಂತು. ಖಾತ್ರಿಗಾಗಿ ಇನ್ನೊಮ್ಮೆ ತೂಗಿಸಿದಳು. ರದ್ದಿಯವನು ತೂಗಿಕೊಟ್ಟು, ಯಾವ ರೇಟಿಗೆ ಹಾಕುತ್ತೀರಿ ಎಂದು ಕೇಳಿದ. ‘ತೊಡೆಯ ಮೇಲೆ ಬಳಕೆ’ ಎಂಬ ಅಂಶಕ್ಕಾಗಿ ಅದನ್ನು ಕುರ್ಲಾದಿಂದ ಸಯನ್ನಿಗೆ ಲೋಕಲ್‌ನಲ್ಲಿ ಹೊತ್ತು ತಂದಳು. ಒಂದೇ ಸ್ಟೇಷನ್ನಿನ ದೂರ. ಮೂರು ದಿನ ಅದನ್ನು ತೆರೆಯುವುದಿರಲಿ, ಚೀಲವನ್ನು ಭುಜದಿಂದ ಇಳಿಸಲೂ ಆಗಲಿಲ್ಲ. ನಾಲ್ಕನೆಯ ದಿನ ಕೂರಲು ಜಾಗ ಸಿಕ್ಕಿತು. ತೆರೆದ ಪರದೆಯಲ್ಲಿ, ಬೆನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಬಗ್ಗಿ ತನ್ನ ಬಿಂದಿ ಸರಿಪಡಿಸಿಕೊಂಡಳು. ‘ಪರದೆ ಹೊಳೆಯುತ್ತದೆ, ಮುಖ ಕಾಣುತ್ತದೆ’ ಎಂದು ಶೈಲಾ ಬರೆದಳು. ಬ್ಯಾಟರಿ ಹದಿನಾಲ್ಕು ಗಂಟೆ ಎಂದಿದ್ದದ್ದು ಎಂಟು ಗಂಟೆ ಇಪ್ಪತ್ತು ನಿಮಿಷ ನಡೆಯಿತು. ಕೀಲನ್ನು ಇನ್ನೂರು ಸಲ ಮಗುಚಿ ತೆರೆದಳು; ಸಡಿಲಾಗಲಿಲ್ಲ. ಅದನ್ನೂ ಬರೆದಳು.

ರುಕ್ಮಿಣಿಬಾಯಿ ಒಂದೇ ದಿನ ಅದನ್ನು ಮುಟ್ಟಿ ನೋಡಿದರು. ಕಾರ್ಡು ತಿರುವಿ ತಿರುವಿ ಅವರಿಗೆ ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುವ ಅಭ್ಯಾಸ. ಒದ್ದೆ ಬೆರಳಿಗೆ ಪರದೆ ತನಗೆ ತೋಚಿದ ಕಡೆ ಜಿಗಿಯಿತು. ಇದು ನನ್ನನ್ನು ಒಪ್ಪುವುದಿಲ್ಲ ಎಂದು ಅವರು ತಮ್ಮ ಪೆಟ್ಟಿಗೆಯ ಕಡೆ ಕುರ್ಚಿ ತಿರುಗಿಸಿಕೊಂಡರು.

ಆದರೆ ಬಂದ ಮನೆಯವರು ಒಪ್ಪಿದರು. ಪೆಟ್ಟಿಗೆಯಿಂದ ಹತ್ತು ಕಾರ್ಡು ಹುಡುಕಿ ತೋರಿಸಲು ಮೂವತ್ತೈದು ನಿಮಿಷ ಬೇಕಾಗುತ್ತಿತ್ತು. ಈಗ ಹದಿನಾಲ್ಕು ಸಾಕಾಯಿತು. ಕಣ್ಣು ಮಂಜಾದವರಿಗೂ ಅಕ್ಷರ ಓದಲು ಬರುತ್ತಿತ್ತು. ಮೊದಲ ವಾರ ಶೈಲಾ ತಾನೇ ಕೀಲಿ ಒತ್ತಿ, ಪರದೆಯನ್ನು ಓರೆಯಾಗಿ ತಿರುಗಿಸಿ ತೋರಿಸುತ್ತಿದ್ದಳು. ಡೇರೆಯಂತೆ ನಿಲ್ಲಿಸಿ, ಬಂದವರೇ ಮುಟ್ಟಿ ನೋಡುವ ಪರೀಕ್ಷೆಯನ್ನು ಹನ್ನೊಂದನೆಯ ದಿನಕ್ಕೆ ಇಟ್ಟುಕೊಂಡಿದ್ದಳು.

ಅಂದು ಗುರುವಾರ. ರುಕ್ಮಿಣಿಬಾಯಿ ಹೊಸ ಕಾರ್ಡೊಂದರ ವಿಚಾರಣೆಗೆ ಕುರ್ಲಾ ಕಡೆ ಹೋಗಿದ್ದರು. ಹನ್ನೊಂದೂವರೆಗೆ ಅಣವೀರಪ್ಪ ಮತ್ತು ಅವರ ಹೆಂಡತಿ ಸೋಮವ್ವ ಬಂದರು. ಇಂಡಿ ತಾಲೂಕಿನವರು, ಅಂಧೇರಿಯಲ್ಲಿ ಪ್ಲೈವುಡ್ ಅಂಗಡಿ. ಹಿರಿಯ ಮಗ ಸಂತೂನ ಮದುವೆಯಾಗಿ ಐದು ವರ್ಷವಾಗಿತ್ತು. ಈಗ ಕಿರಿಯವನಾದ ಬಸೂಗೆ ಹೆಣ್ಣು ನೋಡಲು ಬಂದಿದ್ದರು. ಕೇಂದ್ರದಲ್ಲಿ ಅಣ್ಣ-ತಮ್ಮಂದಿರಿಗೆ ಬೇರೆ ಕಾರ್ಡಿಲ್ಲ, ಮನೆಗೊಂದೇ. ಶೈಲಾ ಅವರ ಮನೆಯ ಕಾರ್ಡನ್ನು ತೆರೆದು, ಪರದೆಯನ್ನು ಅರ್ಧ ಮಗುಚಿ ಅವರ ಮುಂದೆ ನಿಲ್ಲಿಸಿ, ವಿಳಾಸ-ಫೋನು ಸರಿಯಾಗಿವೆಯೇ ನೋಡಿ ಎಂದಳು. ಈಗ ಪರದೆ ಅವರ ಕಡೆ, ಕೀಬೋರ್ಡು ಅವಳ ಕಡೆ. ಡೇರೆಯಾಗಿ ನಿಂತಾಗ ಕೀಬೋರ್ಡು ಕೆಲಸ ಮಾಡುವುದಿಲ್ಲ ಎಂದು ಅವಳು ಆಗಲೇ ಬರೆದುಕೊಂಡಿದ್ದಳು. ಎದುರಿನವರು ಏನು ನೋಡುತ್ತಿದ್ದಾರೆಂದು ಹಿಂದೆ ಕುಳಿತವರಿಗೆ ಕಾಣುವುದೂ ಇಲ್ಲ, ತಡೆಯಲು ಬರುವುದೂ ಇಲ್ಲ ಎಂಬುದು ಮುಂದಿನ ಎರಡು ನಿಮಿಷದಲ್ಲಿ ತಿಳಿಯಿತು.

ಅಣವೀರಪ್ಪ ಫೋನಿನಲ್ಲಿ ಮಾಡುವಂತೆ ಹೆಬ್ಬೆರಳಿನಿಂದ ಗಾಜನ್ನು ಮೇಲಕ್ಕೆ ತಳ್ಳಿದರು. ಮೊದಲ ಪುಟ ಹೋಯಿತು, ಅಲ್ಲಿಯವರೆಗೆ ಶೈಲಾಳೂ ಕಂಡಿರದ ಎರಡನೆಯದು ಬಂತು: ಕಾರ್ಡಿನ ಹಿಂಬದಿ. ಅವರು ಕನ್ನಡಕ ಸರಿಮಾಡಿಕೊಂಡು, ನೋಟೀಸು ಓದುವ ದನಿಯಲ್ಲಿ ಓದತೊಡಗಿದರು.

“ಅಂಗಡಿ ಸ್ವಂತದ್ದಲ್ಲ, ಭಾವನ ಪಾಲು ಅರ್ಧ.” ಇಲ್ಲಿ ಸ್ವಲ್ಪ ನಿಂತರು. ಮುಂದೆ ಓದಿದರು. “ಮನೆಯಲ್ಲಿ ಜಗಳವಿಲ್ಲ. ತಾಯಿ ಮಾತು ಜಾಸ್ತಿ.”

“ಯಾರ ತಾಯಿ?” ಎಂದರು ಸೋಮವ್ವ.

“ನೀನ. ಮುಂದ ಕೇಳ, ಮನಸ್ಸು ಒಳ್ಳೇದು ಅಂತನೂ ಬರದಾರ.”

“ಹಂಗಾರ ಅದನ್ನ ಮೊದಲ ಬರೀಬೇಕಿತ್ತು.”

ಶೈಲಾ ಎದ್ದು ಮೇಜಿನ ಆ ಬದಿಗೆ ಬರುವಷ್ಟರಲ್ಲಿ ಅಣವೀರಪ್ಪ ಕೊನೆಯ ಸಾಲುಗಳಿಗೆ ಬಂದಿದ್ದರು. ಅವನ್ನೂ ಅದೇ ದನಿಯಲ್ಲಿ ಓದಿದರು. “17-2-2019. ಸಂತೂಗೆ ನಮ್ಮ ಶೈಲಾಳನ್ನು ಕೇಳಿದರು. ಹುಡುಗಿ ಒಲ್ಲೆ ಅಂದಳೆಂದು ಹೇಳಿದೆ. ಹುಡುಗಿಯನ್ನು ಕೇಳಿಲ್ಲ.”

ಓದಿ ಮುಗಿದ ಮೇಲೆ ಅವರಿಗೆ ಅರ್ಥವಾಯಿತು. ಶೈಲಾ ಅವರ ಕುರ್ಚಿಯ ಪಕ್ಕದಲ್ಲಿ ನಿಂತು ಅದನ್ನು ತಾನೂ ಒಮ್ಮೆ ಓದಿದಳು. ಅಕ್ಷರ ರುಕ್ಮಿಣಿಬಾಯಿಯದೇ.

“ನೀ ಒಲ್ಲೆ ಅಂದಿದ್ದಿಲ್ಲೇನ ತಂಗೀ?” ಎಂದು ಅಣವೀರಪ್ಪ ಕೇಳಿದರು.

“ನೀವು ಕೇಳಿದ್ದ ನನಗ ಗೊತ್ತಿಲ್ಲ ಕಾಕಾ.”

ಸೋಮವ್ವ ಸೆರಗಿನಿಂದ ಬಾಯಿ ಒರೆಸಿಕೊಂಡರು. “ನಾ ಆರ ತಿಂಗಳ ನಿನ್ನ ಮ್ಯಾಲ ಸಿಟ್ಟ ಇದ್ದೆ. ಮೇಳಾವದಾಗ ಊಟದ ಕೂಪನ್ ಕೊಡಾಕ ಬಂದ್ರ ಮಾರಿ ತಿರುವಿದ್ದೆ. ಇಂಥಾ ಮನಿ ಬ್ಯಾಡ ಅಂದಾಕಿ, ಈಕಿಗೆ ಯಾಂವ ಬೇಕಾಗ್ಯಾನೋ ಅಂತ ನಾಕ ಮಂದಿ ಮುಂದ ಅಂದೀನಿ.”

ಅಂದಿದ್ದು ಎಷ್ಟು ಜನರ ಮುಂದೆ ಎಂಬುದರ ಬಗ್ಗೆ ಗಂಡ-ಹೆಂಡತಿಗೆ ಭಿನ್ನಾಭಿಪ್ರಾಯವಿತ್ತು. ಅಣವೀರಪ್ಪನವರ ಲೆಕ್ಕದಲ್ಲಿ ಅದು ನಾಲ್ಕಕ್ಕಿಂತ ಬಹಳ ಹೆಚ್ಚು. ಶೈಲಾ ಪರದೆಯನ್ನು ಮೊದಲ ಪುಟಕ್ಕೆ ತಂದು, ಬಸೂಗೆ ಹೊಂದುವ ಆರು ಕಾರ್ಡುಗಳನ್ನು ತೋರಿಸಿದಳು. ಈ ಸಲ ತಾನು ಪಕ್ಕದಲ್ಲೇ ನಿಂತು, ಮುಟ್ಟುವ ಕೆಲಸವನ್ನು ತಾನೇ ಮಾಡಿದಳು. ಅವರು ಎರಡನ್ನು ಆರಿಸಿದರು. ಹೊರಡುವಾಗ ಸೋಮವ್ವ ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ, ಸಂತೂನ ಮಗಳು ಈಗ ಬಾಲವಾಡಿಗೆ ಹೋಗುತ್ತಾಳೆ ಎಂದಷ್ಟೇ ಹೇಳಿದರು. ಅಣವೀರಪ್ಪ ಬಾಗಿಲ ತನಕ ಹೋಗಿ ಮರಳಿ ಬಂದು, ದನಿ ತಗ್ಗಿಸಿ, ಆ ಭಾವನ ಪಾಲಿನ ಸುದ್ದಿಯನ್ನು ಅಳಿಸಲು ಬರುತ್ತದೆಯೇ ಎಂದು ಕೇಳಿದರು.

ಅವರು ಹೋದ ಮೇಲೆ ಶೈಲಾ ಪರದೆಯನ್ನು ಮೊದಲಿನಂತೆ ಮಡಚಿ, 2716 ಎಂದು ಟೈಪ್ ಮಾಡಿದಳು. ಮೊದಲ ಪುಟದಲ್ಲಿ ಇಪ್ಪತ್ತಾರರ ವಯಸ್ಸಿನ ಫೋಟೋ. ಎರಡನೆಯ ಪುಟದಲ್ಲಿ ಹೀಗಿತ್ತು:

‘ತಂದೆ ಇಲ್ಲ. ಅಣ್ಣ ಒಳ್ಳೆಯವನು, ವೈನಿ ಸಾಧಾರಣ. ಹುಡುಗಿ ಚುರುಕು, ಸುಳ್ಳಿಲ್ಲ. 17-2-2019 ಇಂಡಿ ಅಣವೀರಪ್ಪ ಕೇಳಿದರು. 5-12-2021 ಧಾರವಾಡದವರು ಕೇಳಿದರು, ಹುಡುಗ ಬ್ಯಾಂಕು, ಥಾಣೆ. 8-10-2023 ಬೆಳಗಾವಿಯವರು, ಹುಡುಗ ಕಾಲೇಜಿನಲ್ಲಿ ಮಾಸ್ತರ. ಮೂವರಿಗೂ ಒಲ್ಲೆ ಅಂದಳೆಂದು ಹೇಳಿದೆ. ಈಕೆ ಹೋದರೆ ಕೇಂದ್ರ ನಡೆಯುವುದಿಲ್ಲ. ಅವಸರವಿಲ್ಲ.’

ಮೂರೂ ತಾರೀಖು ಭಾನುವಾರವೇ ಎಂದು ಅವಳು ಕ್ಯಾಲೆಂಡರಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡಳು. ಮೇಳಾವ, ಎಲ್ಲ ಮನೆಯವರು ಸೇರುವ ವಧು-ವರ ಸಮಾವೇಶ, ನಡೆಯುವುದು ಭಾನುವಾರವೇ. ಮೂರು ಭಾನುವಾರವೂ ಅವಳು ಅಲ್ಲೇ, ಹತ್ತು ಮಾರು ದೂರದಲ್ಲಿ, ಹೆಸರು ಬರೆದುಕೊಳ್ಳುತ್ತ ಕುಳಿತಿದ್ದಿರಬೇಕು. ಆಮೇಲೆ ನಮೂನೆ ತೆಗೆದು, ‘ಪರದೆಯ ಸ್ಪಷ್ಟತೆ’ ಎಂಬ ನಾಲ್ಕನೆಯ ಅಂಶದ ಎದುರು, ‘ಪೆನ್ಸಿಲ್ ಬರಹವೂ ಚೆನ್ನಾಗಿ ಓದಬರುತ್ತದೆ’ ಎಂದು ಬರೆದಳು.

ರುಕ್ಮಿಣಿಬಾಯಿ ಬಂದಾಗ ನಾಲ್ಕು ಗಂಟೆ ನಲವತ್ತು ನಿಮಿಷ. ಚಪ್ಪಲಿ ಬಿಟ್ಟು, ನೀರು ಕುಡಿದು, ಕುರ್ಲಾದ ಹುಡುಗನ ಮನೆಯವರು ವಾಚ್‌ಮನ್ ಜೊತೆ ಕೂಡ ಮರ್ಯಾದೆಯಿಂದ ಮಾತಾಡುತ್ತಾರಂತೆ ಎಂದು ವರದಿ ಮಾಡಿದರು. ಶೈಲಾ ಲ್ಯಾಪ್‌ಟಾಪನ್ನು ಡೇರೆಯಂತೆ ಮಾಡಿ, 2716ರ ಎರಡನೆಯ ಪುಟ ಕಾಣುವಂತೆ ಅವರ ಮುಂದೆ ಇಟ್ಟಳು. ಅವರು ತಮ್ಮ ಅಕ್ಷರವನ್ನು ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ. ಮೊದಲು ಅವರಿಗೆ ಬಂದ ಅನುಮಾನ ಯಂತ್ರದ ಬಗ್ಗೆ. ನಾನು ಅಲ್ಲೇ ಕುಳಿತಿದ್ದೆ, ಒಂದು ಕಾರ್ಡನ್ನೂ ತಿರುವಿ ಹಾಕಿಲ್ಲ, ಪೆನ್ಸಿಲ್ ಮೂಡುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. ಮೂರಕ್ಕೂ ಉತ್ತರವಾಗಿ ಅವರ ಅಕ್ಷರವೇ ಕಣ್ಣೆದುರು ನಿಂತಿತ್ತು. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು.

“ಸುಳ್ಳ ಏನ ಬರದೀನಿ ಅದರಾಗ?”

“ಬರದದ್ದು ಸುಳ್ಳಲ್ಲ ಮೌಶಿ. ಮಂದಿಗೆ ಹೇಳಿದ್ದು ಸುಳ್ಳ. ನನಗ ಹೇಳಿದ್ದೂ ಸುಳ್ಳ.”

ರುಕ್ಮಿಣಿಬಾಯಿ ಕಾರಣಗಳನ್ನು ತಾರೀಖಿನ ಕ್ರಮದಲ್ಲಿಯೇ ಹೇಳಿದರು. 2019ರಲ್ಲಿ ಅವರ ಮೊಣಕಾಲಿನ ಆಪರೇಷನ್ ಇತ್ತು. ಮೂರು ತಿಂಗಳು ಕೇಂದ್ರವನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. 2021ರಲ್ಲಿ ಕೊರೋನಾ ಮುಗಿದು ಹೆಸರು ಬರೆಸುವವರೇ ಇರಲಿಲ್ಲ. ಬಳಗದವರು ಬಾಗಿಲು ಹಾಕುವ ಮಾತಾಡುತ್ತಿದ್ದರು, ಶೈಲಾಳೇ ಮನೆಮನೆಗೆ ಫೋನು ಮಾಡಿ ಉಳಿಸಿದ್ದಳು. 2023ಕ್ಕೆ ಹೇಳಲು ಅವರ ಬಳಿ ಕಾರಣ ಇರಲಿಲ್ಲ. ಮುಂದಿನ ವರ್ಷ ಎಂದುಕೊಂಡೆ ಎಂದರು. ಪ್ರತಿ ವರ್ಷ ಮುಂದಿನ ವರ್ಷ ಎಂದುಕೊಂಡೆ ಎಂದೂ, ಯಾರೂ ಕೇಳದಿದ್ದರೂ, ಸೇರಿಸಿದರು. ಹೇಳುವಾಗ ಅವರ ಕಣ್ಣು ಪರದೆಯ ಮೇಲೆಯೇ ಇತ್ತು.

ಶೈಲಾ ಅಳಲಿಲ್ಲ, ದನಿ ಏರಿಸಲೂ ಇಲ್ಲ. ಅವಳು ಕೇಳಿದ್ದು ಒಂದೇ. ಅಣವೀರಪ್ಪನವರಿಗೆ ಈಗ ಗೊತ್ತಾಗಿದೆ. ಉಳಿದ ಎರಡು ಮನೆಗೂ ಮೌಶಿ ಈಗಲೇ ಫೋನು ಮಾಡಿ, ಹುಡುಗಿ ಒಲ್ಲೆ ಅಂದಿರಲಿಲ್ಲ, ಅವಳನ್ನು ಕೇಳಿರಲೇ ಇಲ್ಲ ಎಂದು ಹೇಳಬೇಕು. ಅವರ ಹುಡುಗರಿಗೆ ಮದುವೆಯಾಗಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮನೆಗಳ ಹೆಸರನ್ನು ವಹಿಯಲ್ಲಿ ಹೊಡೆದುಹಾಕಿದವಳು ಶೈಲಾಳೇ. ಹಾಗಾದರೆ ಹೇಳಿ ಏನು ಉಪಯೋಗ ಎಂದು ರುಕ್ಮಿಣಿಬಾಯಿ ಕೇಳಿದರು.

“ನಾ ಅನ್ನದ ಮಾತು ನನ್ನ ಹೆಸರಲೆ ಓಡ್ಯಾಡಾಕತ್ತೈತಿ. ಅದನ್ನ ತಗೀರಿ, ಸಾಕು.”

ಧಾರವಾಡದವರ ಫೋನನ್ನು ಸೊಸೆ ಎತ್ತಿದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಹಿಂದಿಯಲ್ಲಿ ಬರುತ್ತಿತ್ತು. ಮದುವೆಗೆ ಮುಂಚಿನ ಯಾವುದೋ ಹುಡುಗಿಯ ವಿಷಯ ಎಂದು ತಿಳಿದ ಮೇಲೆ ಅವಳಿಗೆ ಬಹಳ ಆಸಕ್ತಿ ಬಂದು, ಗಂಡನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದಳು. ಕಷ್ಟಪಟ್ಟು ಮಾವನ ಕೈಗೆ ಫೋನು ಕೊಡಿಸಬೇಕಾಯಿತು. ರುಕ್ಮಿಣಿಬಾಯಿ ಹೇಳಬೇಕಾದುದನ್ನು ಸ್ಪೀಕರ್ ಹಾಕಿಕೊಂಡು, ಒಂದು ಪದವನ್ನೂ ನುಂಗದೆ ಹೇಳಿದರು. ಆ ವರ್ಷ ಹನ್ನೊಂದು ಹುಡುಗಿಯರನ್ನು ನೋಡಿದ್ದೆವು, ನಾಲ್ವರು ಒಲ್ಲೆ ಅಂದಿದ್ದರು, ಇವಳು ಅದರಲ್ಲಿ ಯಾರು ಎಂದು ಮಾವ ಕೇಳಿದರು. ಎಷ್ಟು ವಿವರಿಸಿದರೂ ಅವರಿಗೆ ನೆನಪಾಗಲಿಲ್ಲ. ಇರಲಿ ಬಿಡಿ, ನಾವು ಬೇಜಾರು ಮಾಡಿಕೊಂಡಿಲ್ಲ ಎಂದು ಅವರೇ ಸಮಾಧಾನ ಹೇಳಿದರು. ಬೆಳಗಾವಿಯವರ ನಂಬರು ಚಾಲ್ತಿಯಲ್ಲಿರಲಿಲ್ಲ.

ರುಕ್ಮಿಣಿಬಾಯಿ ಪೆಟ್ಟಿಗೆಯ ಕೀಲಿ ತೆಗೆದು 2716ನೆಯ ಕಾರ್ಡನ್ನು ಹೊರಗೆ ತೆಗೆದರು. ಮೇಜಿನ ಡ್ರಾವರಿನಲ್ಲಿ ರಬ್ಬರ್ ಹುಡುಕತೊಡಗಿದರು.

“ಅಳಸಬ್ಯಾಡ್ರಿ,” ಎಂದು ಶೈಲಾ ಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡಳು. ಜೆರಾಕ್ಸ್ ಅಂಗಡಿಯ ಆ ನಾಲ್ಕು ಗಂಟೆ ಬಿಟ್ಟರೆ, ಮೂವತ್ನಾಲ್ಕು ವರ್ಷದಲ್ಲಿ ಆ ಕೇಂದ್ರದ ಕಾರ್ಡೊಂದು ಇನ್ನೊಬ್ಬರ ಕೈಗೆ ಹೋದದ್ದು ಅದೇ ಮೊದಲು. ಅವಳು ಅದನ್ನು ತನ್ನ ಪರ್ಸಿನಲ್ಲಿಟ್ಟುಕೊಂಡು ಐದೂ ಐವತ್ತರ ಲೋಕಲ್ ಹಿಡಿಯಲು ಹೊರಟಳು.

ಶುಕ್ರವಾರ ಮತ್ತು ಶನಿವಾರ ಅವಳು ಎಲ್ಲ ಫೈಲುಗಳ ಎರಡನೆಯ ಪುಟವನ್ನು ಬೇರೆ ಮಾಡಿದಳು. ಪುಟದ ತಲೆಯ ಮೇಲಿನ ನಂಬರನ್ನು ಮಾತ್ರ ನೋಡಿ, ಉಳಿದದ್ದನ್ನು ಓದದೆ, ಒಂದೊಂದನ್ನೂ ಎತ್ತಿ ಬೇರೆ ಕಡೆ ಇಟ್ಟು ಪಾಸ್‌ವರ್ಡ್ ಹಾಕಿದಳು. ಪಾಸ್‌ವರ್ಡನ್ನು ರುಕ್ಮಿಣಿಬಾಯಿಗೆ ಮಾತ್ರ ಹೇಳಿದಳು. ಅವರಿಗೆ ಮುಟ್ಟಿ ನಡೆಸುವುದನ್ನೂ ಕಲಿಸಿದಳು. ಬೆರಳನ್ನು ನಾಲಿಗೆಗೆ ಒಯ್ಯದೆ ಸೆರಗಿಗೆ ಒರೆಸಿಕೊಳ್ಳಬೇಕೆಂದು ಮೊದಲ ದಿನ ನಲವತ್ತು ಸಲವಾದರೂ ಹೇಳಬೇಕಾಯಿತು. ಎರಡನೆಯ ದಿನ ಹತ್ತು ಸಲ. ಬೇರೆ ಮಾತು ಅವರಿಬ್ಬರ ನಡುವೆ ಇರಲಿಲ್ಲ.

ಈ ಎರಡು ದಿನದಲ್ಲಿ ಒಂಬತ್ತು ಮನೆಯವರು ಫೋನು ಮಾಡಿ, ನಮ್ಮ ಕಾರ್ಡು ಬೇಡ, ಬೇರೆಯವರ ಕಾರ್ಡುಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ನೋಡಲು ಯಾವಾಗ ಬರಬಹುದು ಎಂದು ವಿಚಾರಿಸಿದರು. ಸೋಮವ್ವನ ಮಾತು ಎಷ್ಟು ದೂರ ಹೋಗುತ್ತದೆಂದು ಶೈಲಾಳಿಗೆ ಈಗ ಅಂದಾಜಾಯಿತು. ಶಿವಪುತ್ರ ಅವರಿಗೆ ಹಿನ್ನೆಲೆ ಗೊತ್ತಿರಲಿಲ್ಲ; ಯಂತ್ರದ ಬಗ್ಗೆ ಸಾರ್ವಜನಿಕರಲ್ಲಿ ಉತ್ಸಾಹವಿದೆ ಎಂದು ತಮ್ಮ ವಹಿಯಲ್ಲಿ ಗುರುತು ಹಾಕಿಕೊಂಡರು.

ಹದಿನೈದನೆಯ ತಾರೀಖು, ಭಾನುವಾರ ಬೆಳಗ್ಗೆ, ಅದೇ ಕೋಣೆಯಲ್ಲಿ ಕಾರ್ಯಕಾರಿ ಸಮಿತಿಯ ಸಭೆ ಸೇರಿತು. ಐದು ಜನ ಸದಸ್ಯರು, ಶೈಲಾ, ರುಕ್ಮಿಣಿಬಾಯಿ. ಆರು ಕುರ್ಚಿಗಳಾದ್ದರಿಂದ ಶೈಲಾ ಕಿಟಕಿಯ ಕಟ್ಟೆಯ ಮೇಲೆ ಕುಳಿತಳು. ಶಿವಪುತ್ರ ವರದಿಯನ್ನು ಓದಿದರು. ಯಂತ್ರ ಭಾರ, ಹೊತ್ತು ತಿರುಗಲು ತಕ್ಕುದಲ್ಲ. ಕೈಯಲ್ಲಿ ಹಿಡಿದರೆ ಹಿಟ್ಟು ನಾದುವ ಪರಾತ ಹಿಡಿದಂತೆ ಎರಡೂ ಕೈ ಬೇಕು. ಮೇಜಿನ ಮೇಲೆ ನಿಲ್ಲಿಸಿ ಬಳಸಲು ಉತ್ತಮ. ಪರದೆಯನ್ನು ಬಂದವರ ಕಡೆ ಮಗುಚಿದಾಗ ತೋರಿಸುವವರು ಬಂದವರ ಪಕ್ಕದಲ್ಲೇ ಕೂರಬೇಕು, ಹಿಂದೆ ಕೂರಬಾರದು. ಕೊಳ್ಳಬಹುದು. ಹನ್ನೆರಡನೆಯ ಅಂಶಕ್ಕೆ ಬಂದು ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಅಲ್ಲಿ ಹೀಗಿತ್ತು: ‘ಒಬ್ಬರು ಸಾಕು. ಆ ಒಬ್ಬರು ರುಕ್ಮಿಣಿಬಾಯಿ. ಅವರಿಗೆ ಯಂತ್ರ ನಡೆಸಲು ಬರುತ್ತದೆ. ನಾನು ಜೂನ್ ಮೂವತ್ತರವರೆಗೆ ಇರುತ್ತೇನೆ.’

ಎಷ್ಟು ಜನ ಎಂದು ಕೇಳಿದರೆ ಹೆಸರು ಬರೆಯುವ ಪದ್ಧತಿ ಇಲ್ಲ ಎಂದು ಶಿವಪುತ್ರ ಆಕ್ಷೇಪಿಸಿದರು. ಬೇರೆ ಕಡೆ ಕೆಲಸ ಸಿಕ್ಕಿದೆಯೇ ಎಂದು ಒಬ್ಬ ಸದಸ್ಯರು ವಿಚಾರಿಸಿದರು. ಇಲ್ಲ, ಇನ್ನು ಹುಡುಕಬೇಕು ಎಂದಳು ಶೈಲಾ. ಮತ್ತೆ ಯಾಕೆ ಎಂದು ಇನ್ನೊಬ್ಬರು ಕೇಳಿದರು. ನಮೂನೆಯಲ್ಲಿ ಆ ಪ್ರಶ್ನೆ ಇಲ್ಲ ಎಂದಳು. ಸದಸ್ಯರು ರುಕ್ಮಿಣಿಬಾಯಿಯ ಕಡೆ ನೋಡಿದರು. ಕುರ್ಚಿ ಉಳಿದದ್ದಕ್ಕೆ ಸಂತೋಷಪಡಬೇಕಾಗಿದ್ದ ಅವರು ನೆಲ ನೋಡುತ್ತಿದ್ದರು. ತಮ್ಮೊಬ್ಬರಿಂದ ಆಗುವುದಿಲ್ಲ ಎಂದರು. ವರದಿಯಲ್ಲೇ ಇರುವಂತೆ, ಬಂದವರ ಪಕ್ಕದಲ್ಲಿ ಒಬ್ಬರು ಕೂರಬೇಕು, ಪೆಟ್ಟಿಗೆಯ ಹತ್ತಿರ ಒಬ್ಬರು. ಒಬ್ಬ ಹುಡುಗಿ ಬೇಕು.

ಸ್ವಲ್ಪ ಚರ್ಚೆಯಾಗಿ, ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದೆಂದೂ, ಕೇಂದ್ರಕ್ಕೆ ಇಬ್ಬರು ಇರಬೇಕೆಂದೂ ತೀರ್ಮಾನವಾಯಿತು. ಎಂದರೆ ಯಂತ್ರ ಬರುವ ಮೊದಲು ಇದ್ದಷ್ಟೇ ಜನ. ಬಳಗದ ವಾಟ್ಸ್ಯಾಪ್ ಗುಂಪಿಗೆ ಕಳಿಸಲು ಶಿವಪುತ್ರ ಅಲ್ಲೇ ಒಂದು ಪ್ರಕಟಣೆಯನ್ನು ಹೇಳಿ ಬರೆಸಿದರು. ಟೈಪ್ ಮಾಡಿದವಳು ಶೈಲಾ. ‘ವಧು-ವರ ಕೇಂದ್ರಕ್ಕೆ ಸಹಾಯಕಿ ಬೇಕಾಗಿದ್ದಾರೆ. ಪದವೀಧರೆಯಾಗಿರಬೇಕು. ಕನ್ನಡ, ಮರಾಠಿ, ಹಿಂದಿ ಬಲ್ಲವರಾಗಿರಬೇಕು. ಅವಿವಾಹಿತೆಯರಿಗೆ ಆದ್ಯತೆ.’ ಮದುವೆಯಾದವರು ಗಂಡನ ವರ್ಗಾವಣೆ, ಮಕ್ಕಳ ಪರೀಕ್ಷೆ ಎಂದು ನಡುವೆಯೇ ಬಿಟ್ಟುಹೋಗುತ್ತಾರೆ ಎಂದು ಅವರು ಕೊನೆಯ ಸಾಲಿಗೆ ಕಾರಣವನ್ನೂ ಕೊಟ್ಟರು.

“ಆ ಸಾಲ ತಗೀರಿ,” ಎಂದರು ರುಕ್ಮಿಣಿಬಾಯಿ.

ಯಾಕೆ ಎಂದು ಶಿವಪುತ್ರ ಕೇಳಿದರು. ಅವರ ಅನುಭವದಲ್ಲಿ ಅದು ಅತ್ಯಂತ ಸಮಂಜಸವಾದ ಸಾಲು.

“ಮದುವಿ ಆದಾಕಿನ್ನ ತಗೋರಿ. ಆಗದಾಕಿ ಬಂದು ಚೊಲೋ ಕೆಲಸ ಮಾಡಿದ್ಲಂದ್ರ ನಾ ಆಕಿನ್ನೂ ಬಿಡೂದಿಲ್ಲ.”

ಶಿವಪುತ್ರ ಇದನ್ನು ಶಿಸ್ತಿನ ಮಾತೆಂದು ತಿಳಿದು ತಲೆದೂಗಿದರು. ಅನುಭವಸ್ಥರ ಸಲಹೆಯಂತೆ ತಿದ್ದುಪಡಿ ಎಂದು ಸಭೆಯ ವಹಿಯಲ್ಲಿ ಬರೆದುಕೊಂಡರು. ಶೈಲಾ ಕಿಟಕಿಯ ಕಟ್ಟೆಯ ಮೇಲಿಂದ ಮೌಶಿಯ ಕಡೆ ನೋಡಿದಳು. ಮೂರು ದಿನದಲ್ಲಿ ಮೊದಲ ಸಲ ಅವರೂ ಅವಳ ಕಡೆ ನೋಡಿದರು.

“ಮದುವೆಯಾದವರಿಗೆ ಆದ್ಯತೆ ಅಂತ ಬರೀಲೇನ್ರಿ, ಮದುವೆಯಾದವರು ಮಾತ್ರ ಅಂತ ಬರೀಲೇನ್ರಿ?” ಎಂದು ಅವಳು ಕೇಳಿದಳು.

“ಮಾತ್ರ ಅಂತ ಬರಿ,” ಎಂದರು ರುಕ್ಮಿಣಿಬಾಯಿ.